ಬೆರಳಿನಿಂದ ಓದಿಸಿದ ಅಕ್ಕೋರು

ನಮ್ಮ ಅಕ್ಕೋರ ಬಲಗೈ ತೋರುಬೆರಳಿನ ಉಗುರಿನಲ್ಲಿ ಸದಾ ಜೋಳದ ಹಿಟ್ಟು ಕುಳಿತಿರುತ್ತಿತ್ತು. ಭಾಲ್ಕಿಯ ಶಾಲೆಯಲ್ಲಿ ಅವರ ಕೈಯ ಸೀಮೆಸುಣ್ಣಕ್ಕಿಂತ ಆ ಹಿಟ್ಟೇ ನನಗೆ ಹೆಚ್ಚು ಅಕ್ಷರ ಕಲಿಸಿತು.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಶಾಲೆಯಲ್ಲಿ ಮರಾಠಿ ಹೋಗಿ ಕನ್ನಡ ಬಂದಿತ್ತು. ಮೊದಮೊದಲು ಎಲ್ಲರೂ ತಡವರಿಸುತ್ತಿದ್ದರಿಂದ ನನ್ನದು ಯಾರ ಕಣ್ಣಿಗೂ ಬೀಳಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಉಳಿದವರು ಸರಾಗವಾಗಿ ಓದತೊಡಗಿದರು; ನನ್ನ ಪುಸ್ತಕದ ಅಕ್ಷರಗಳು ಮಾತ್ರ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಈ ತೊಂದರೆಗೆ ಊರಲ್ಲಿದ್ದ ಹೆಸರು ಒಂದೇ, ದಡ್ಡತನ.

“ಇನ್‌ಸ್ಪೆಕ್ಟರ್ ಸಾಹೇಬ್ರ ಮುಂದ ಓದಲಿಲ್ಲಂದ್ರ ಸಾಲಿ ಬಂದ್ ನೋಡು,” ಎಂದರು ಅಪ್ಪ.

ಅಕ್ಕೋರು ದಿನಾ ಸಂಜೆ ತಮ್ಮ ಮನೆಗೆ ಕರೆಯತೊಡಗಿದರು. ಕೈ ತೊಳೆಸಿ, ಹಿಟ್ಟು ನಾದುವ ಅಗಲವಾದ ಪರಾತದಲ್ಲಿ ಜೋಳದ ಹಿಟ್ಟು ಹರಡಿ, ಕಣ್ಣು ಮುಚ್ಚಿಸಿ, ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು.

“ಕಣ್ಣು ಮೋಸ ಮಾಡ್ತಾವ. ಬೆರಳು ಮಾಡಂಗಿಲ್ಲ.”

ತಿದ್ದಿ ಮುಗಿದ ಮೇಲೆ ಅದೇ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದರು. “ತಿನ್ನವಾ, ಇವತ್ತಿನ ಪಾಠ ಹೊಟ್ಟ್ಯಾಗರ ಇರ್ಲಿ!” ನಾನು ನಗುತ್ತಿದ್ದೆ, ಭಯ ಮಾತ್ರ ಹೋಗುತ್ತಿರಲಿಲ್ಲ.

ಅವರಿಗೂ ಭಯವಿತ್ತು. ಮರಾಠಿಯಲ್ಲಿ ಕಲಿತವರು, ಕನ್ನಡ ಪರೀಕ್ಷೆ ಇನ್ನೂ ಪಾಸಾಗಿರಲಿಲ್ಲ. ಗಂಡ ತೀರಿಹೋಗಿದ್ದರು. ಅವರ ನೌಕರಿಯೂ ಅದೇ ಇನ್‌ಸ್ಪೆಕ್ಟರರ ಕೈಯಲ್ಲಿತ್ತು.

ಸಾಹೇಬರು ಶಾಲೆಯ ತಪಾಸಣೆಗೆ ಬಂದ ದಿನ ಓದಲು ನನ್ನನ್ನೇ ಎಬ್ಬಿಸಿದರು. ಪುಸ್ತಕ ನೋಡುತ್ತ ಒಂದೊಂದೇ ಅಕ್ಷರವನ್ನು ಲಂಗದ ಮೇಲೆ ಬೆರಳಿನಿಂದ ತಿದ್ದತೊಡಗಿದೆ.

“ಏನಮ್ಮಾ ಈ ಆಟ? ಕೂತ್ಕೋ. ಮುಂದಿನವಳು ಓದಲಿ.”

“ಜರಾ ತಡೀರಿ ಸಾಹೇಬ್ರ,” ಎಂದರು ಅಕ್ಕೋರು. “ಅಕಿ ಬೆರಳಿಲೆ ಓದ್ತಾಳ್ರಿ. ಮುಗಿಸೋತನ ಕುಂದ್ರಸಬ್ಯಾಡ್ರಿ.”

ನನ್ನಿಂದ ಇವರ ನೌಕರಿ ಹೋಯಿತು ಎಂದುಕೊಂಡೆ. ಹೇಗೋ ಒಂದು ಸಾಲು ಓದಿದೆ. ಸಾಹೇಬರು ಮುಂದಿನವಳ ಕಡೆಗೆ ತಿರುಗಿದರು.

ನನ್ನ ಶಾಲೆ ಉಳಿಯಿತು. ಅಕ್ಕೋರಿಗೆ ಔರಾದಿಗೆ ವರ್ಗವಾಯಿತು. ಅದು ನನ್ನಿಂದಾಗಿ ಬಂದ ಶಿಕ್ಷೆಯೇ ಎಂದು ಕೇಳಲು ನನಗೆಂದೂ ಧೈರ್ಯ ಬರಲಿಲ್ಲ.

ಇಂದಿಗೂ ಯಾರಾದರೂ ಎದುರಿಗೆ ಕೂತು “ಓದಿ” ಎಂದರೆ ಬೆರಳು ತಾನಾಗಿ ಸೀರೆಯ ಮೇಲೆ ಓಡಾಡುತ್ತದೆ. ಅಕ್ಕೋರು ತೀರಿಕೊಂಡಾಗ ಮಣ್ಣಿಗೆಂದು ಔರಾದಿಗೆ ಹೋಗಿದ್ದೆ. ಎಲ್ಲರಂತೆ ಹಿಡಿ ಮಣ್ಣು ಹಾಕಿ, ಅಲ್ಲೇ ಕುಳಿತು, ಕಣ್ಣು ಮುಚ್ಚಿ, ಆ ಸಡಿಲ ಮಣ್ಣಿನಲ್ಲಿ ಅವರ ಹೆಸರು ತಿದ್ದಿದೆ. ಹಿಂದಿನಿಂದ ಯಾರೋ ಅವಸರ ಮಾಡಿದರು. ಮುಗಿಸುವ ತನಕ ನಾನು ಏಳಲಿಲ್ಲ.