ಏಣಿ ಬಡಿದು ಹತ್ತುವ ಮಾಯಣ್ಣ

ಹಂದನಕೆರೆಯ ಹೊರಗೆ ಶ್ರೀರಂಗಯ್ಯನವರ ತೋಟದಲ್ಲಿ ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ನಿನ್ನೆಯ ಗಾಳಿಗೆ ತೆಂಗಿನ ಮರವೊಂದು ತನ್ನ ಒಣಗರಿಯನ್ನು ವಿದ್ಯುತ್ ತಂತಿಯ ಮೇಲೆ ಇಳಿಸಿ, ತನಗೇನೂ ಗೊತ್ತಿಲ್ಲವೆಂಬಂತೆ ನಿಂತಿದೆ. ತುಂಡಾದ ತಂತಿಯ ಒಂದು ತುದಿ ಪಾತಿಯಲ್ಲಿ ಬಿದ್ದಿದೆ, ಇನ್ನೊಂದು ಕಂಬದಿಂದ ನೇತಾಡುತ್ತಿದೆ. ಕಂಬಕ್ಕೆ ಒರಗಿಸಿದ ಏಣಿಯ ಬುಡದಲ್ಲಿ ಲೈನ್‌ಮನ್ ಮಾಯಣ್ಣ ಇದ್ದಾರೆ. ಹತ್ತುತ್ತಿಲ್ಲ. ಕೈಯಲ್ಲಿರುವ ಕಟಿಂಗ್ ಪ್ಲೇಯರಿನಿಂದ ಏಣಿಗೆ ಟಣ್ ಟಣ್ ಎಂದು ಬಡಿಯುತ್ತಾರೆ, ಸುಮ್ಮನಾಗುತ್ತಾರೆ, ಸುತ್ತ ನೋಡುತ್ತಾರೆ.

ತೋಟದ ಯಜಮಾನ ಶ್ರೀರಂಗಯ್ಯನವರಿಗೆ ಇದು ಸಂಧ್ಯಾವಂದನೆಯಷ್ಟು ದೀರ್ಘವಾಗಿ ಕಾಣುತ್ತಿದೆ. "ಹತ್ತಪ್ಪ ಮಾಯಣ್ಣ. ಟಿಸೀಲಿ ಫ್ಯೂಸ್ ನೀನೇ ಕಿತ್ತು ಜೇಬಲ್ಲಿ ಇಟ್ಕಂಡಿದ್ದೀಯ. ಇನ್ನೆಲ್ಲಿಂದ ಬತ್ತದೆ ಕರೆಂಟು, ಆಕಾಶದಿಂದ್ಲಾ?" ಟಿಸಿ ಎಂದರೆ ಈ ಸೀಮೆಯ ಬಾಯಲ್ಲಿ ಟ್ರಾನ್ಸ್‌ಫಾರ್ಮರ್.

"ಬರಲ್ಲ ಅಂತೀರಾ?"

"ಬರಲ್ಲ ಕಣಯ್ಯ."

"ಹಂಗಾದ್ರೆ ಒಂದ್ ಉಪಕಾರ ಮಾಡಿ ಯಜಮಾನ್ರೇ. ಈ ತುದಿ ಒಸಿ ಹಿಡ್ಕಂಡು ನಿಂತ್ಕಳಿ. ನಾನು ಮೇಲೋಗಿ ಬತ್ತೀನಿ."

ಶ್ರೀರಂಗಯ್ಯನವರ ಬಲಗೈ ಅರ್ಧ ದಾರಿಯವರೆಗೆ ಧೈರ್ಯವಾಗಿಯೇ ಬರುತ್ತದೆ. ಅಲ್ಲಿ ಅದಕ್ಕೆ ಏನೋ ನೆನಪಾಗುತ್ತದೆ. ಹಿಂದಿರುಗಿ ಹೆಗಲ ಮೇಲಿನ ಟವೆಲನ್ನು ಸರಿಮಾಡುತ್ತದೆ. "ಅಲ್ಲಾ... ಪಕ್ಕದ ತೋಟದ ರೇಣುಕಪ್ರಸಾದ, ಹಾಲು ಕರೆಯೋ ಮಿಷನ್ನಿಗೆ ಹೊಸ ಜನರೇಟರ್ ತಂದವ್ನೆ. ಕರೆಂಟ್ ಇಲ್ಲಾಂದ್ರೆ ಬೆಳಿಗ್ಗೆ ಅದನ್ನೇ ಹಾಕೋದು. ಇದೇ ಲೈನಪ್ಪ ಅವನದೂ."

"ಜನರೇಟರ್ ವೈರ್ ಎಲ್ಲಿಗೆ ಸಿಗಿಸವ್ನೆ?"

"ಮನೆ ಪ್ಲಗ್ಗಿಗೇ ಇರ್ಬೇಕು."

ಮಾಯಣ್ಣ ಏಣಿಯನ್ನು ಕಂಬದಿಂದ ತೆಗೆದು ನೆಲಕ್ಕೆ ಮಲಗಿಸುತ್ತಾರೆ. "ನೋಡಿ, ಆಕಾಶದಿಂದ ಅಲ್ಲ. ರೇಣುಕಪ್ರಸಾದನ ಕೊಟ್ಟಿಗೆಯಿಂದ."

ಮೇನ್ ಸ್ವಿಚ್ ಆರಿಸದೆ ಮನೆಯ ಪ್ಲಗ್ಗಿಗೆ ಜನರೇಟರ್ ಸಿಗಿಸಿದರೆ, ಅದರ ಕರೆಂಟು ಮನೆಯೊಳಗೆ ಮಾತ್ರ ಇರುವುದಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು ಕಂಬದ ತಂತಿಗೂ ಹತ್ತುತ್ತದೆ. ಸ್ಟೇಷನ್ನಿನವರು ಲೈನ್ ಆಫ್ ಎಂದು ಹೇಳಿರುತ್ತಾರೆ, ಫ್ಯೂಸ್ ಜೇಬಿನಲ್ಲಿರುತ್ತದೆ, ತಂತಿ ಮಾತ್ರ ಜೀವಂತ.

ಚಿಕ್ಕನಾಯಕನಹಳ್ಳಿ ಕಡೆಯ ಈ ಹಳ್ಳಿಗಳಲ್ಲಿ ಮಾಯಣ್ಣನಿಗೆ 'ಪುಕ್ಕಲು ಲೈನ್‌ಮನ್' ಎಂಬ ಹೆಸರಿದೆ. ಕರೆಂಟಿಗೆ ಹೆದರುವ ಲೈನ್‌ಮನ್ ಎಂದರೆ ನೀರಿಗೆ ಹೆದರುವ ಅಂಬಿಗನ ಹಾಗೆ, ಊರಿಗೆ ಒಳ್ಳೆಯ ತಮಾಷೆ. ಅವರು ಅದನ್ನು ಅಲ್ಲಗಳೆಯುವುದಿಲ್ಲ. "ಹೆದರ್ತೀನಿ ಕಣ್ರೀ. ಹೊಟ್ಟೇಲಿ ಹಿಂಗೆ ಹಿಡ್ಕತದೆ," ಎಂದು ಅಂಗಿಯನ್ನು ಮುಷ್ಟಿಯಲ್ಲಿ ಹಿಂಡಿ ತೋರಿಸುತ್ತಾರೆ. "ಹಿಡ್ಕಳದೆ ಇರೋ ದಿನ ನಾನು ಹತ್ತೋದೇ ಇಲ್ಲ. ಇವತ್ತೇನೋ ಮರೆತಿದ್ದೀನಿ ಅಂತ ಅರ್ಥ."

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಹೀಗಿರಲಿಲ್ಲ. ಆಗ ಅವರ ಗುರು ದುರ್ಗಯ್ಯ. ಗ್ಲೌಸು ಹಾಕುವವರನ್ನು "ಮದುವೆ ಹೆಣ್ಣು" ಎಂದು ಕರೆಯುತ್ತಿದ್ದ, ಬೀಡಿ ಆರಿಸದೆ ಕಂಬ ಹತ್ತುತ್ತಿದ್ದ ಮನುಷ್ಯ. ಒಂದು ಮಧ್ಯಾಹ್ನ ದುರ್ಗಯ್ಯ ಮೇಲಿದ್ದರು, ಮಾಯಣ್ಣ ಕೆಳಗೆ ಏಣಿ ಹಿಡಿದಿದ್ದರು. ಲೈನ್ ಆಫ್ ಆಗಿತ್ತು. ಯಾವುದೋ ಮನೆಯ ಜನರೇಟರ್ ಆನ್ ಆಯಿತು. ದುರ್ಗಯ್ಯ ಬದುಕಿದರು, ಅವರ ಬಲಗೈ ಉಳಿಯಲಿಲ್ಲ.

ಅದಾದ ಮೇಲೆ ಮಾಯಣ್ಣ ಏಣಿಯ ಮೂರನೇ ಮೆಟ್ಟಿಲು ದಾಟಲಾರದೆ ಹೋದರು. ಆಫೀಸಿನಲ್ಲಿ ಕೂರುವ ಕೆಲಸ ಕೇಳಿದರು, ಸಿಗಲಿಲ್ಲ. ಬಿಟ್ಟುಬಿಡುತ್ತೇನೆ ಎಂದು ಹೆಂಡತಿಯ ಮುಂದೆ ಹೇಳಿದ ದಿನ, ಚಿಕ್ಕಗೌರಮ್ಮ ಅಟ್ಟದಿಂದ ಕೊಬ್ಬರಿ ಇಳಿಸಲು ಹೊರಟಿದ್ದರು.

ಇಲ್ಲಿನ ಮನೆಗಳಲ್ಲಿ ಸಿಪ್ಪೆ ಸಮೇತ ಕಾಯಿಗಳು ತಿಂಗಳುಗಟ್ಟಲೆ ಅಟ್ಟದ ಮೇಲೆ ಕೂತು ಒಳಗೇ ಕೊಬ್ಬರಿಯಾಗುತ್ತವೆ. ಕಾಯಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಚಿಕ್ಕಗೌರಮ್ಮನಿಗೆ ಹಾವೆಂದರೆ ಜೀವ ಹೋಗುತ್ತದೆ. ಆದರೂ ಅಟ್ಟ ಹತ್ತುವುದು ಅವರೇ. ಹತ್ತುವ ಮೊದಲು ಕೋಲಿನಿಂದ ಏಣಿಗೆ ಬಡಿಯುತ್ತಾರೆ, ಕಿವಿಗೊಡುತ್ತಾರೆ, ಮತ್ತೆ ಬಡಿಯುತ್ತಾರೆ.

"ನಾನೇನು ಧೈರ್ಯಸ್ಥೆ ಅಂತ ಹತ್ತೀನಾ?" ಎಂದು ಅವರು ಆ ದಿನವನ್ನು ನೆನೆದು ನಗುತ್ತಾರೆ. "ಇವರಿಗೆ ಅದೇ ಅಂದೆ. ನನಗೆ ಭಯ, ಅದಕ್ಕೇ ಬಡೀತೀನಿ. ಭಯ ಇಲ್ದೋರು ಸೀದಾ ಕೈ ಹಾಕಿ ಕಚ್ಚಿಸ್ಕತಾರೆ. ನೀವೂ ಏಣಿ ಬಡೀರಿ, ಕೆಲ್ಸ ಯಾಕ್ ಬುಡ್ತೀರಿ? ಬುಟ್ಟು ಮನೇಲಿ ಕೂತ್ರೆ ಅಟ್ಟ ನೀವೇ ಹತ್ತಬೇಕಾಯ್ತದೆ ಅಂದೆ. ಮಾರನೆ ದಿನಾನೇ ಡ್ಯೂಟಿಗೆ ಹೊಂಟೋದ್ರು."

ಮಾಯಣ್ಣ ಭಯವನ್ನು ಬಿಡಿಸಿಕೊಳ್ಳಲಿಲ್ಲ, ಕೆಲಸಕ್ಕೆ ಹಚ್ಚಿದರು. ಹೊಟ್ಟೆ ಹಿಂಡಿದಾಗಲೆಲ್ಲ, ಯಾಕೆ ಹಿಂಡುತ್ತಿದ್ದೀಯ ಎಂದು ಅದನ್ನೇ ಕೇಳತೊಡಗಿದರು. ಹೊಟ್ಟೆ ಹೇಳಿದ್ದನ್ನೆಲ್ಲ ಒಂದೊಂದಾಗಿ ನೋಡತೊಡಗಿದರು: ಫ್ಯೂಸು, ಅರ್ತಿಂಗು, ಬೆಲ್ಟು, ಅಕ್ಕಪಕ್ಕದ ಮನೆ. ಏಣಿ ಬಡಿಯುವುದು ಹೆಂಡತಿಯಿಂದ ಬಂದ ಅಭ್ಯಾಸ. ಬಡಿದರೆ ಕರೆಂಟೇನೂ ಹಾವಿನಂತೆ ಹರಿದು ಹೋಗುವುದಿಲ್ಲವೆಂದು ಅವರಿಗೂ ಗೊತ್ತು. "ಅದು ನನಗೆ ಬಡ್ಕಳೋದು," ಎನ್ನುತ್ತಾರೆ.

ತಂತಿ ಹಿಡಿಯಲು ಕರೆಯುವುದು ಮಾತ್ರ ಅವರ ಸ್ವಂತದ್ದು. ಇಷ್ಟು ವರ್ಷಗಳಲ್ಲಿ ಯಾರನ್ನೂ ಮುಟ್ಟಲು ಬಿಟ್ಟಿಲ್ಲ, ಕೈ ತೀರಾ ಹತ್ತಿರ ಬಂದರೆ ತಾವೇ ಅಡ್ಡ ನಿಲ್ಲುತ್ತಾರೆ. ಅವರಿಗೆ ಬೇಕಾದದ್ದು ಕೈ ಹಿಂಜರಿಯುವ ಆ ಅರೆಗಳಿಗೆ. ಇನ್ನೊಬ್ಬನ ಜೀವದ ಬಗ್ಗೆ ಗ್ಯಾರಂಟಿ ಕೊಡುವಾಗ ಮರೆತುಹೋದದ್ದೆಲ್ಲ ತನ್ನ ಕೈ ಮುಂದೆ ಮಾಡುವಾಗ ನೆನಪಾಗುತ್ತದೆ. "ನನ್ನೊಬ್ಬನ ಭಯ ಸಾಕಾಗಲ್ಲ ಕಣ್ರೀ. ಊರೋರ ಹತ್ರಾನೂ ಒಸಿ ಇಸ್ಕತೀನಿ."

ಹಿಂದೆ ಯಾರಾದರೂ ಗದರಿದರೆ ಸಾಕು, ಹತ್ತಿಬಿಡುತ್ತಿದ್ದರಂತೆ. ಈಗ ಎಂಥವರು ನಿಂತಿದ್ದರೂ "ತಡೀರಿ" ಎನ್ನಬಲ್ಲರು. ಮೊದಮೊದಲು ಫೋನಿನಲ್ಲಿ ಕೆಣಕುತ್ತಿದ್ದ ತುರುವೇಕೆರೆ ಕಡೆಯ ಲೈನ್‌ಮನ್ ತಿಮ್ಮರಾಜು, ಈಗ ತಾನೂ ತೋಟದವರನ್ನು ತಂತಿ ಹಿಡಿಯಲು ಕರೆಯುತ್ತಾರೆ. "ಮಾಯಣ್ಣನ ಹೆಸರು ಹೇಳಲ್ಲ, ನನ್ನದೇ ಐಡಿಯಾ ಅಂತೀನಿ," ಎಂದು ಒಪ್ಪಿಕೊಳ್ಳುತ್ತಾರೆ.

ಇತ್ತ ತೋಟದ ಬೇಲಿಯಾಚೆ ಹಸುಗಳು ಕೂಗುತ್ತಿವೆ. ಕೊಟ್ಟಿಗೆಯಲ್ಲಿ ಮಿಷನ್ ಹಾಕುವ ಹೊತ್ತು. ಶ್ರೀರಂಗಯ್ಯನವರ ಫೋನನ್ನು ರೇಣುಕಪ್ರಸಾದ್ ಎತ್ತುತ್ತಿಲ್ಲ. ಮಾಯಣ್ಣ ಚಪ್ಪಲಿ ಮೆಟ್ಟಿ ಬೇಲಿ ದಾಟುತ್ತಾರೆ, ಯಜಮಾನರು ಟವೆಲು ಹಿಡಿದು ಹಿಂದೆ ಓಡುತ್ತಾರೆ. ಕೊಟ್ಟಿಗೆಯ ಬಾಗಿಲಲ್ಲಿ ರೇಣುಕಪ್ರಸಾದ್ ಜನರೇಟರಿನ ಹಗ್ಗ ಕೈಗೆ ಸುತ್ತಿಕೊಂಡು ನಿಂತಿದ್ದಾರೆ. ಇನ್ನೊಂದು ಎಳೆತ, ಅಷ್ಟೇ ಬಾಕಿ.

"ಬುಡ್ಲಾ ಹಗ್ಗ!" ಎಂದು ಕೂಗಿದ್ದು ಶ್ರೀರಂಗಯ್ಯ.

"ಯಾಕಣ್ಣ, ಹಸ ಕೂಗ್ತಾ ಅವೆ..."

"ಮಾಯಣ್ಣ ಕಂಬದ ಮೇಲಿದ್ದಿದ್ರೆ ಅವನ ಹೆಂಡ್ರು ಕೂಗೋಳು ಕಣ್ಲಾ!"

ರೇಣುಕಪ್ರಸಾದ್ ಒಮ್ಮೆ ಪ್ಲಗ್ಗನ್ನೂ ಒಮ್ಮೆ ಮಾಯಣ್ಣನನ್ನೂ ನೋಡುತ್ತಾರೆ. ಹಗ್ಗ ತಾನಾಗಿ ಕೈಯಿಂದ ಜಾರುತ್ತದೆ. ವೈರನ್ನು ಪ್ಲಗ್ಗಿನಿಂದ ಕಿತ್ತು ಮಾಯಣ್ಣನ ಕೈಗೇ ಕೊಡುತ್ತಾರೆ. ಅವತ್ತು ಹಸುಗಳನ್ನು ಕೈಯಲ್ಲೇ ಕರೆಯುತ್ತಾರೆ. ಮಾಯಣ್ಣ ಗದರುವುದಿಲ್ಲ. "ಚೇಂಜ್ ಓವರ್ ಸ್ವಿಚ್ ಒಂದು ಹಾಕಿಸ್ಕಳಪ್ಪ, ಜನರೇಟರ್ ಕರೆಂಟು ಲೈನಿಗೆ ಹೋಗಲ್ಲ. ಅಲ್ಲಿಗಂಟ ಇದು ನನ್ನ ಹತ್ರಾನೇ ಇರ್ಲಿ," ಎಂದು ವೈರನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕುತ್ತಾರೆ.

ಮತ್ತೆ ಕಂಬ. ತಪ್ಪಿ ಬಂದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಸರಳನ್ನು ತಂತಿಗೆ ಸಿಗಿಸಿ, ಬೆಲ್ಟು ಬಿಗಿದು, ಏಣಿ ಬಡಿಯುತ್ತಾರೆ. ಈ ಸಲ ಶ್ರೀರಂಗಯ್ಯ ಅವಸರಪಡಿಸುವುದಿಲ್ಲ. ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು, "ಇನ್ನೊಂದ್ಸಲ ಬಡಿಯಪ್ಪ," ಎನ್ನುತ್ತಾರೆ.

ಕೆಲಸ ಮುಗಿಸಿ ಮಾಯಣ್ಣ ಕ್ರಾಸಿನ ಟೀ ಅಂಗಡಿಗೆ ಬರುತ್ತಾರೆ. ಅಂಗಡಿ ದುರ್ಗಯ್ಯನವರದು. ಎಡಗೈಯಲ್ಲೇ ಹಾಲು ಎತ್ತಿ ಸುರಿಯುತ್ತಾರೆ, ಎಡಗೈಯನ್ನೇ ಎದೆಗಿಟ್ಟು ಬಂದವರಿಗೆ ನಮಸ್ಕಾರ ಹೇಳುತ್ತಾರೆ.

"ಏನ್ಲಾ ಪುಕ್ಕಲ, ಇವತ್ತು ಯಾರ ಕೈಗೆ ತಂತಿ ಕೊಟ್ಟೆ?" ನಡೆದದ್ದನ್ನು ಮಾಯಣ್ಣ ಹೇಳುತ್ತಾರೆ. ಜನರೇಟರ್ ಎಂಬ ಮಾತು ಬಂದಾಗ ದುರ್ಗಯ್ಯ ಟೀ ಸೋಸುವುದನ್ನು ನಿಲ್ಲಿಸುತ್ತಾರೆ. ಆಮೇಲೆ ಲೋಟವನ್ನು ಮಾಯಣ್ಣನ ಮುಂದೆ ಕುಕ್ಕಿ, ಕೂತವರಿಗೆಲ್ಲ ಕೇಳುವ ಹಾಗೆ ಹೇಳುತ್ತಾರೆ: "ಲೈನ್‌ಮನ್ ಅಂದ್ರೆ ಇವನು ಕಣ್ರಪ್ಪ. ನಾನಲ್ಲ."

ಎಷ್ಟು ಕಂಬ ಹತ್ತಿರಬಹುದು ಎಂದು ಕೇಳಿದರೆ ಮಾಯಣ್ಣ ಟೀ ಆರಿಸಿಕೊಳ್ಳುತ್ತಾ ಯೋಚಿಸುತ್ತಾರೆ. "ಎಣಿಸಿಲ್ಲ. ಹತ್ತಿದಷ್ಟೇ ಸಲ ಇಳಿದಿದ್ದೀನಿ, ಲೆಕ್ಕ ಸರಿಯಾಗೈತೆ."

ನಿವೃತ್ತಿಗೆ ಇನ್ನು ಸ್ವಲ್ಪವೇ ಕಾಲವಿದೆ. ಏನಾದರೂ ಆಸೆ ಇದೆಯೇ? ಅವರು ಒಲೆಯ ಕಡೆ, ದುರ್ಗಯ್ಯನ ಬೆನ್ನ ಕಡೆ ನೋಡಿ ದನಿ ತಗ್ಗಿಸುತ್ತಾರೆ.

"ಅವತ್ತು ಶಾಲು ಹೊದಿಸ್ತಾರೆ, ಹಾರ ಹಾಕ್ತಾರೆ. ಎದ್ದು ನಿಂತು ಎಲ್ರಿಗೂ ಕೈ ಮುಗೀಬೇಕು ಕಣ್ರೀ. ಎರಡೂ ಕೈ ಜೋಡಿಸಿ."