ಟ್ರಂಕಿನಲ್ಲಿದ್ದ ಮೂಗು

ನಾನು ಚಿಕ್ಕವಳಿದ್ದಾಗ ನನ್ನ ಟ್ರಂಕಿನಲ್ಲಿ ಒಂದು ಮೂಗಿತ್ತು. ಕಂದು ಕಾಗದ, ಮೈದಾ ಅಂಟು, ಎರಡು ಕಡೆ ದಾರ, ಗಿಣಿಯ ಕೊಕ್ಕಿನ ಹಾಗೆ ಬಾಗಿದ ತುದಿ. ಮೈಸೂರಿನ ಕಾನ್ವೆಂಟಿನಲ್ಲಿ ಈಸ್ಟರ್ ನಾಟಕಕ್ಕೆ ನಾನೇ ಮಾಡಿದ್ದು. ಅದರಲ್ಲಿ ನನ್ನದು ಕೆಟ್ಟ ಯಹೂದಿಯ ಪಾರ್ಟು. ಯಹೂದಿ, ಇಂಗ್ಲಿಷಿನಲ್ಲಿ ಜ್ಯೂ, ಅಂದರೆ ಯಾರು ಎಂದು ನನಗೆ ಗೊತ್ತೇ ಇರಲಿಲ್ಲ. ಕೆಟ್ಟವರದೇ ಒಂದು ಜಾತಿ ಇರಬೇಕು ಎಂದುಕೊಂಡಿದ್ದೆ. ಚಪ್ಪಾಳೆ ಮಾತ್ರ ಜೋರಾಗಿ ಬಿದ್ದಿತ್ತು. ಬೇಸಿಗೆ ರಜಕ್ಕೆ ಗುಂಡ್ಲುಪೇಟೆಗೆ ಹೊರಟಾಗ, ಅಜ್ಜಿಗೆ ತೋರಿಸಬೇಕೆಂದು ಅದನ್ನು ಫ್ರಾಕುಗಳ ನಡುವೆ ಜೋಪಾನವಾಗಿಟ್ಟು ತಂದೆ.

ಅಪ್ಪನದು ಅರಿಶಿನದ ಮಂಡಿ. ಮನೆ ಮುಂದೆಯೇ ಅರಿಶಿನದ ಕೊಂಬಿನ ರಾಶಿ, ಒಳಗೆಲ್ಲ ಅದರದೇ ಬೆಚ್ಚಗಿನ ಮಣ್ಣುವಾಸನೆ. ವರ್ಷವರ್ಷವೂ ಕೊಳ್ಳಲು ಕೊಚ್ಚಿಯಿಂದ ಬರುತ್ತಿದ್ದ ವ್ಯಾಪಾರಿಯನ್ನು ನಾವು ಕೊಚ್ಚಿ ಮಾವ ಎನ್ನುತ್ತಿದ್ದೆವು. ಅವರು ಸಿಕ್ಕಸಿಕ್ಕಲ್ಲಿ ಊಟ ಮಾಡುವವರಲ್ಲ. ನಮ್ಮದು ಮಾಂಸ ಬೇಯಿಸದ ಶಿವಭಕ್ತರ ಮನೆಯಾದ್ದರಿಂದ ಇಲ್ಲಿ ಮಾತ್ರ ಏನೂ ಕೇಳದೆ ಎಲೆಯ ಮುಂದೆ ಕೂರುತ್ತಿದ್ದರು. ಅಜ್ಜಿಯೂ ಬೇರೆಯವರ ಮನೆಯಲ್ಲಿ ನೀರು ಸಹ ಮುಟ್ಟುವವಳಲ್ಲ. ಹಾಗಾಗಿ ಅವರನ್ನು ಕಂಡರೆ ಅವಳಿಗೆ ತುಂಬ ಮರ್ಯಾದೆ.

ಆ ಸಲ ಅವರು ಮಗಳನ್ನೂ ಕರೆತಂದಿದ್ದರು. ಅವರು ಮಲಯಾಳದಲ್ಲಿ "ಮೋಳೇ", ಅಂದರೆ ಮಗಳೇ, ಎಂದು ಕರೆಯುವುದನ್ನು ಕೇಳಿ ನಾವೂ ಅವಳನ್ನು ಮೋಳು ಎಂದೆವು. ಅವಳೂ ಕಾನ್ವೆಂಟ್ ಹುಡುಗಿ, ನನ್ನದೇ ವಯಸ್ಸು. ಬೆಳಗ್ಗೆಯೆಲ್ಲ ಇಬ್ಬರೂ ಅರಿಶಿನದ ರಾಶಿ ಹತ್ತಿ ಜಾರಿ, ಮೊಣಕಾಲಿನವರೆಗೆ ಹಳದಿಯಾದೆವು. ಮಾರನೆಯ ದಿನ ಅವರು ಹೊರಡುವವರು, ಆಮೇಲೆ ಇಡೀ ಸಂಸಾರವೇ ಹಡಗು ಹತ್ತಿ ದೂರದೇಶಕ್ಕೆ, ಅಲ್ಲೇ ನೆಲೆಸಲು. ಅದಕ್ಕೇ ಅವಳನ್ನು ಒಂದು ಗಳಿಗೆಯೂ ಬಿಡಲು ನನಗೆ ಮನಸ್ಸಿರಲಿಲ್ಲ.

ಊಟವಾದ ಮೇಲೆ ಎಲ್ಲರೂ ಹಜಾರದಲ್ಲಿ ಕೂತಿದ್ದರು. ಅಜ್ಜಿ ಬಾಳೆನಾರಿನಲ್ಲಿ ಕನಕಾಂಬರ ಕಟ್ಟುತ್ತಿದ್ದಳು. ನಾನು ಮೂಗು ಕಟ್ಟಿಕೊಂಡು ಬಂದೆ, ಗೂನುಬೆನ್ನು ಮಾಡಿ, ಕೈ ಹೊಸೆಯುತ್ತ. ಮೋಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಗ ನಾಟಕದ ಮಾತನ್ನು ಇಂಗ್ಲಿಷಿನಲ್ಲೇ ಒಪ್ಪಿಸಿದೆ: ನಾನು ಜ್ಯೂ, ಒಳ್ಳೆಯವರನ್ನು ಹಿಡಿದುಕೊಡುವುದೇ ನಮ್ಮವರ ಕಸುಬು.

ಮೋಳುವಿನ ನಗು ನಿಂತಿತು. ಕೊಚ್ಚಿ ಮಾವ ತಲೆ ತಗ್ಗಿಸಿದರು. ಇಂಗ್ಲಿಷ್ ಬಾರದ ಅಜ್ಜಿಯೊಬ್ಬಳೇ ಇನ್ನೂ ನಗುತ್ತಿದ್ದಳು.

"ನಾವು ಯಹೂದಿಗಳು," ಎಂದಳು ಮೋಳು ಇಂಗ್ಲಿಷಿನಲ್ಲಿ, ಮೆಲ್ಲಗೆ. ಎದ್ದು ಹೋಗಿ ಬಾಗಿಲ ಹತ್ತಿರ ನಮಗೆ ಬೆನ್ನು ಮಾಡಿ ನಿಂತಳು.

ಅಪ್ಪನ ಮುಖ ಕೆಂಪಾಯಿತು. ಕೊಚ್ಚಿ ಮಾವ ಕೈಸನ್ನೆ ಮಾಡಿ ಅವರನ್ನು ತಡೆದರು. "ಮಗೂ, ನಿಮ್ಮ ನಾಟಕದಲ್ಲಿ ಯೇಸುವಿನ ತಾಯಿಯ ಪಾರ್ಟು ಇತ್ತಾ?" ಎಂದು ಕೇಳಿದರು.

"ಇತ್ತು."

"ಅವಳಿಗೂ ಇಂಥ ಮೂಗು ಕಟ್ಟಿದ್ರಾ?"

"ಇಲ್ಲ."

"ಅವಳೂ ಯಹೂದಿ. ಯೇಸುವೂ ಯಹೂದಿ. ಮೂಗು ಮಾತ್ರ ಕೆಟ್ಟವನಿಗೆ ಯಾಕೆ?"

ನಾನು ಮೂಗು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ಕೊಚ್ಚಿಯಲ್ಲಿ ತಮ್ಮನ್ನು ಯಾರೂ ಹೀಗೆ ಅಂದಿಲ್ಲ ಎಂದರು ಅವರು. ಆದರೆ ದೂರದ ದೇಶಗಳಲ್ಲಿ ಮೊದಲು ಇಂಥ ಮೂಗು ಬರೆದು ನಕ್ಕರಂತೆ. ಆಮೇಲೆ ಊರಿಗೆ ಏನೇ ಕೆಡುಕಾದರೂ ಇವರೇ ಕಾರಣ ಎಂದು ಕಥೆ ಕಟ್ಟಿದರಂತೆ. ಕಥೆ ನಂಬಿದವರು ಕೊನೆಗೆ ಮನೆಗಳಿಗೆ ಬೆಂಕಿ ಇಟ್ಟರು, ಮಕ್ಕಳು ಅಂತಲೂ ನೋಡದೆ ಕೊಂದರು.

ಅಪ್ಪ ಇದನ್ನೆಲ್ಲ ಅಜ್ಜಿಗೆ ಬಿಡಿಸಿ ಹೇಳಿದರು. ಅಜ್ಜಿ ಹೂವಿನ ತಟ್ಟೆ ಪಕ್ಕಕ್ಕಿಟ್ಟಳು. "ತತ್ತಾ ಇಲ್ಲಿ ಆ ಮೂಗ. ಇದ ಯಾರ್ ಮೂಗ್ ಅಳ್ದು ಮಾಡ್ದೆ ಕಣಮ್ಮಿ?"

"ಯಾರದೂ ಅಲ್ಲ ಅಜ್ಜಿ."

"ಯಾರ್ದೂ ಅಲ್ದಿರ ಮೂಗ ತಂದು, ಮನೆಗ್ ಬಂದವ್ರ ಮೊಕಕ್ಕ ಅಂಟುಸ್ಬುಟ್ಟಲ್ಲ. ಇರು, ಅಳ್ದೇಬುಡನ."

ಒಂದು ಬಾಳೆನಾರು ಎಳೆದುಕೊಂಡು ಮೊದಲು ಕೊಚ್ಚಿ ಮಾವನ ಮೂಗು ಅಳೆದು, ನಾರಿಗೆ ಗಂಟು ಹಾಕಿದಳು. ಮೊಂಡು ಮೂಗು. ಅಪ್ಪನದು ಅದಕ್ಕಿಂತ ಮುಂದೆ ಹೋಯಿತು. ನನ್ನದು ಇನ್ನೂ ಬೆಳೆಯಬೇಕಾದ್ದು. "ಬಾ ಕಣಮ್ಮಿ, ನಂದ ನೀನೇ ಅಳಿ," ಎಂದು ಮೋಳುವಿನ ಕಡೆ ನಾರು ಚಾಚಿದಳು. ಮೋಳು ತಿರುಗಿ ನೋಡಿದಳು, ಅನುಮಾನಿಸಿದಳು, ಕೊನೆಗೆ ಬಂದು ಅಳೆದಳು. ಅಜ್ಜಿಯ ಮೂಗು ಎಲ್ಲ ಗಂಟುಗಳನ್ನೂ ದಾಟಿತು. ಕಾಗದದ ಮೂಗು ಅವಳಿಗೆ ಹೊಲಿಸಿದ ಹಾಗೆ ಕೂತಿತು, ಮೂಗುಬೊಟ್ಟಿನ ಸಮೇತ.

"ನೋಡ್ರಪ್ಪ, ಶಿವಭಕ್ತರ ಮೂಗು," ಎಂದಳು ಅಜ್ಜಿ. ಕೊಚ್ಚಿ ಮಾವನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. ಮೋಳುವೂ ನಕ್ಕಳು, ಆದರೆ ನನ್ನ ಕಡೆ ನೋಡಲಿಲ್ಲ.

ನಾನು ಹತ್ತಿರ ಹೋಗಿ ಸಾರಿ ಎಂದೆ. ಅವಳು "ಸ್ಕೂಲಿನಲ್ಲೂ ಹೇಳ್ತೀಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಪ್ರಾಮಿಸ್ ಮಾಡಿದೆ. ಆಮೇಲೆ ಇಬ್ಬರೂ ಮತ್ತೆ ಅರಿಶಿನದ ರಾಶಿ ಹತ್ತಿದೆವು. ಸಂಜೆ ನಮ್ಮನ್ನು ತಿಕ್ಕಿ ತಿಕ್ಕಿ ತೊಳೆದು ಅಜ್ಜಿಗೆ ಕೈ ನೋವು ಬಂತು.

ಜೂನ್‌ನಲ್ಲಿ ಸ್ಕೂಲು ತೆರೆದಾಗ, ಸಿಸ್ಟರ್ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ನಾಟಕದ ಸಾಮಾನಿನ ಪೆಟ್ಟಿಗೆ ತರಿಸಿ, ಉಳಿದ ಕೆಟ್ಟ ಪಾರ್ಟುಗಳ ಮೂಗುಗಳನ್ನೆಲ್ಲ ತಾವೇ ಹರಿದರು. ಮುಂದಿನ ಈಸ್ಟರ್‌ನಲ್ಲಿ ಎಲ್ಲರದೂ ಸ್ವಂತ ಮೂಗು. ಅದನ್ನು ಮೋಳುವಿಗೆ ಕಾಗದ ಬರೆದು ತಿಳಿಸಿದೆ. ಉತ್ತರ ಬರಲು ಮೂರು ತಿಂಗಳು ಹಿಡಿಯಿತು. "ಗುಡ್. ಅಜ್ಜಿಯ ಮೂಗು ಹೇಗಿದೆ?" ಎಂದು ಬರೆದಿದ್ದಳು.

ಮೊಮ್ಮಕ್ಕಳೇ, ನನ್ನ ಮೂಗು ಮಾಡಲು ಒಂದಿಡೀ ಸಂಜೆ ಬೇಕಾಗಿತ್ತು, ಇದ್ದದ್ದು ಒಂದೇ ಟ್ರಂಕಿನಲ್ಲಿ. ಮೊನ್ನೆ ಅದೇ ಮೂಗು ನಿಮ್ಮ ಮೊಬೈಲಿಗೆ ಬಂತಲ್ಲ, ಕೈ ಹೊಸೆಯುವ ಅದೇ ಮನುಷ್ಯ, ಕೆಳಗೆ "ಎಲ್ಲದಕ್ಕೂ ಇವರೇ ಕಾರಣ" ಎಂಬ ಸಾಲು. ನಿಮಗೆ ಅದು ಬರೀ ಫನ್ನಿ. ನಾನು ಬೈಯಲಿಲ್ಲ, ಹೊಲಿಗೆ ಡಬ್ಬದಿಂದ ದಾರ ತಂದೆ. "ಇದು ಯಾರ ಮೂಗು ಅಳೆದು ಬರೆದದ್ದು?" ಎಂದೆ. ನಿಮ್ಮಲ್ಲಿ ಚಿಕ್ಕವನು ಅದೇ ಪ್ರಶ್ನೆಯನ್ನು ಚಿತ್ರ ಬಂದಿದ್ದ ಕ್ಲಾಸ್ ಗ್ರೂಪಿನಲ್ಲೇ ಟೈಪ್ ಮಾಡಿದ. ನಾನು ಹೇಳಬೇಕಿದ್ದದ್ದು ಒಬ್ಬ ಸಿಸ್ಟರ್‌ಗೆ. ಅವನು ಕೇಳಿದ್ದು ನಲವತ್ತು ಹುಡುಗರನ್ನು.

ಆಮೇಲೆ ಹಾಕಿದವನೇ ಚಿತ್ರ ಅಳಿಸಿದ. ಅಷ್ಟರಲ್ಲಿ ನೀವು ಮನೆಯವರ ಮೂಗನ್ನೆಲ್ಲ ಅಳೆದು ದಾರಕ್ಕೆ ಗಂಟು ಹಾಕಿ ಮುಗಿಸಿದ್ದಿರಿ. ಎಲ್ಲಕ್ಕಿಂತ ಮುಂದೆ ಹೋದ ಕೊನೆಯ ಗಂಟು ನನ್ನದು, ನನ್ನ ಅಜ್ಜಿಯಿಂದ ಬಂದ ಮೂಗಿನದು.