ವಿಭೂತಿಯಲ್ಲಿ ಬೆಳಗಿದ ಬೆಳ್ಳಿ ಡಾಲರು

ಮೇಲ್ಕಂಡ ನಾಣ್ಯಕ್ಕೆ ಸಂಬಂಧಿಸಿದಂತೆ ಓದುಗರ ಗಮನಕ್ಕೆ ತರುವುದೇನೆಂದರೆ, ಅದು ನನ್ನದಲ್ಲ, ನನ್ನ ಪತಿಯವರದು. ಕಮ್ಯೂನ್ ಎಂಬ ಇಲ್ಲಿನ ನಗರಸಭೆಗೂ ತೆರಿಗೆ ಕಚೇರಿಗೂ ಮನವಿಗಳನ್ನು ಸಲ್ಲಿಸಿದ್ದು ಬಿಟ್ಟರೆ ನಾನು ಈವರೆಗೆ ಏನನ್ನೂ ಬರೆದವಳಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ನಿವೇದಿಸುತ್ತೇನೆ. ಎಲ್ಲಿಯಾದರೂ ಅಗೌರವ ಕಂಡುಬಂದಲ್ಲಿ ಅದನ್ನು ಉದ್ದೇಶಪೂರ್ವಕವೆಂದೇ ಪರಿಗಣಿಸತಕ್ಕದ್ದು.

ಸ್ವೀಡನ್ನಿನ ಈ ನಾರ್‌ಶೋಪಿಂಗ್‌ನಲ್ಲಿ ಚಳಿಗಾಲ ಕಳೆಯಲು ಪ್ರತಿಯೊಬ್ಬರೂ ಏನಾದರೊಂದನ್ನು ಹಿಡಿದುಕೊಳ್ಳುತ್ತಾರೆ. ನನ್ನ ಪತಿಯವರು ಅಮೆರಿಕದ ಹಳೆಯ ಬೆಳ್ಳಿ ಡಾಲರುಗಳನ್ನು ಹಿಡಿದುಕೊಂಡರು. ಅವು ಇಲ್ಲಿ ಸಿಗುವುದಕ್ಕೆ ಕಾರಣವುಂಟು. ಹಿಂದೊಮ್ಮೆ ಇಲ್ಲಿನ ಬಡವರು ಹಡಗು ಹತ್ತಿ ಅಮೆರಿಕಕ್ಕೆ ಹೋಗಿದ್ದರು. ಕೆಲವರು ಪೆಟ್ಟಿಗೆಯಲ್ಲಿ ಒಂದೆರಡು ಡಾಲರು ಇಟ್ಟುಕೊಂಡು ಮರಳಿದರು. ಅವರ ಮೊಮ್ಮಕ್ಕಳು ಈಗ ಅವನ್ನು ಮಾರುತ್ತಾರೆ. ವರ್ಕ್ ಪರ್ಮಿಟ್ಟಿನ ಮೇಲೆ ಬಂದ ನಮ್ಮಂಥವರು ಕೊಳ್ಳುತ್ತಾರೆ.

ಸದರಿ ನಾಣ್ಯವು ಊರಿನ ನಾಣ್ಯ ಸಂಘದ ಅಧ್ಯಕ್ಷರ ಅಜ್ಜನ ಪೆಟ್ಟಿಗೆಯದು. ಒಂದು ಬದಿಯಲ್ಲಿ ಕಿರೀಟ ತೊಟ್ಟ ಸ್ವಾತಂತ್ರ್ಯದೇವಿ, ಇನ್ನೊಂದು ಬದಿಯಲ್ಲಿ ರೆಕ್ಕೆ ಬಿಚ್ಚಿದ ಹದ್ದು. ತಲೆಮಾರುಗಳ ಕಾಲ ಕಾಗದದಲ್ಲಿ ಸುತ್ತಿಟ್ಟದ್ದರಿಂದ ದೇವಿಯ ಕೆನ್ನೆಗೆ ನೇರಳೆ, ನೀಲಿ, ತಾಮ್ರದ ಬಣ್ಣಗಳು ಏರಿದ್ದವು. ನಾಣ್ಯಪ್ರಿಯರು ಈ ಬಣ್ಣಕ್ಕಾಗಿ ಪ್ರಾಣ ಬಿಡುತ್ತಾರೆ. ಅದನ್ನು ಉಜ್ಜಿ ತೆಗೆಯುವುದು ಅವರ ಧರ್ಮದಲ್ಲಿ ಮಹಾಪಾತಕ. ತೊಳೆಯಕೂಡದೆಂಬ ಒಂದೇ ಷರತ್ತಿನ ಮೇಲೆ ಅಧ್ಯಕ್ಷರು ಅದನ್ನು ಮಾರಿದ್ದರು. ತೊಳೆಯುವ ಅಭ್ಯಾಸವೇ ಪತಿಯವರಿಗೆ ಇಲ್ಲದ ಕಾರಣ, ಷರತ್ತು ಸುಲಭವೆಂದು ತೋರಿತು. ನಮ್ಮ ಅಡುಗೆಮನೆಯ ಸಿಂಕು ಇದಕ್ಕೆ ಸಾಕ್ಷಿ.

ನಾಣ್ಯ ಮುಟ್ಟುವಾಗ ಅವರು ಬಿಳಿ ಹತ್ತಿಯ ಕೈಗವಸು ತೊಡುತ್ತಿದ್ದರು. ಮಗಳು ಹಸುಗೂಸಾಗಿದ್ದಾಗಲೂ ಅವಳನ್ನು ಅಷ್ಟು ಎಚ್ಚರದಿಂದ ಎತ್ತಿದ್ದು ನನಗೆ ನೆನಪಿಲ್ಲ. ಸಂಘದ ಮೇಜಿನ ಕೊನೆಯಲ್ಲಿ ವರ್ಷಗಟ್ಟಲೆ ಮೌನವಾಗಿ ಕೂತು ಕಾಫಿ ಕುಡಿದ ಮೇಲೆ, ಕಳೆದ ಬೇಸಿಗೆಯಲ್ಲಿ ಅವರಿಗೊಂದು ಆಹ್ವಾನ ಬಂತು. ರಜೆಯ ನಂತರದ ಮೊದಲ ಸಭೆಯಲ್ಲಿ ಆ ನಾಣ್ಯದ ಬಣ್ಣದ ಬಗ್ಗೆ ಸ್ವೀಡಿಷ್‌ನಲ್ಲಿ ಉಪನ್ಯಾಸ. ಆಫೀಸಿನಲ್ಲಿ ಬಡ್ತಿ ಸಿಕ್ಕಾಗ ಚೆನ್ನಾಗಿ ಮಲಗಿದ ಮನುಷ್ಯ, ಈಗ ಸ್ನಾನದ ಮನೆಯಲ್ಲಿ ಭಾಷಣ ಉರುಹೊಡೆಯತೊಡಗಿದರು. ಸಂಘದವರು ತನ್ನನ್ನು ತಮ್ಮವನೆಂದು ಎಣಿಸುವರೋ ಇಲ್ಲವೋ ಎಂಬುದು ಆ ಒಂದು ಸಂಜೆಯ ಮೇಲೆ ನಿಂತಿದೆಯೆಂದು ಅವರು ನಂಬಿದ್ದರು.

ಇದೇ ಸಂದರ್ಭದಲ್ಲಿ ನನ್ನ ಅತ್ತೆಯವರು ಬೆಂಗಳೂರಿನಿಂದ ಆಗಮಿಸಿದ್ದರು. ಮಗನೇ ಕರೆದು ತೋರಿಸಿದರು: "ನೋಡಮ್ಮ, ಅಪ್ಪಟ ಬೆಳ್ಳಿ. ಮನೇಲಿರೋದ್ರಲ್ಲೆಲ್ಲಾ ಬೆಸ್ಟು ಇದೇ."

ವರಮಹಾಲಕ್ಷ್ಮಿ ಹಬ್ಬ ಸಭೆಯ ಹಿಂದಿನ ದಿನವೇ ಬಿದ್ದಿತ್ತು. ಮನೆಯಲ್ಲಿರುವ ಅತ್ಯುತ್ತಮ ಬೆಳ್ಳಿ ಕಲಶದ ಮುಂದೆ ಕೂರಬೇಕು, ಕೂರುವ ಮುನ್ನ ಬೆಳಗಬೇಕು. ಇದು ನಮ್ಮಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲದ ನಿಯಮ. ನಾನು ಹೂವು ತಂದು ಒಳಗೆ ಬರುವಷ್ಟರಲ್ಲಿ ದೀಪ, ಕುಂಕುಮ ಬಟ್ಟಲುಗಳ ನಡುವೆ ಸ್ವಾತಂತ್ರ್ಯದೇವಿ ಆಗತಾನೆ ಟಂಕಸಾಲೆಯಿಂದ ಹೊರಬಂದಂತೆ ಥಳಥಳಿಸುತ್ತಿದ್ದಳು. ಪತಿಯವರು ಬಾಗಿಲಲ್ಲಿ ನಿಂತಿದ್ದರು.

"ಅಮ್ಮ, ಇದಕ್ಕೇನ್ ಮಾಡ್ದೆ?"

"ಏನೋ, ಹಾವಿನ ಪೊರೆ ಥರ ನೀಲಿ ನೀಲಿ ಆಗಿತ್ತು ಕಣೋ. ಹುಣಸೆಹಣ್ಣಲ್ಲಿ ನೆನೆಹಾಕಿ, ವಿಭೂತೀಲಿ ಚೆನ್ನಾಗಿ ಉಜ್ಜಿದೆ. ಹೆಂಗಿದಾಳೆ ನೋಡು ಈಗ."

"ಆ ಕಲರ್ ಬೇಕಿತ್ತಮ್ಮ."

"ಬೇಕು ಅಂದ್ರೆ ಅರಿಶಿನ ಕುಂಕುಮ ಇಟ್ಟಿದೀನಲ್ಲ, ಸಾಲ್ದಾ?"

ಹಬ್ಬದ ದಿನ ತಾಯಿಗೆ ಎದುರಾಡುವ ಧೈರ್ಯ ಅವರಿಗಿರಲಿಲ್ಲ. ಆರತಿ ತೆಗೆದುಕೊಂಡು, ಎರಡು ಹೋಳಿಗೆ ತಿಂದು, ಅಂಗಾತ ಮಲಗಿದರು.

ಮರುದಿನ ಮಗಳನ್ನು ಅವಳ ಗೆಳತಿಯ ಮನೆಯಲ್ಲಿ ಬಿಟ್ಟು ಮೂವರೂ ಹೊರಟೆವು. ಮಗ ಮಾತಾಡುವುದನ್ನು ನೋಡಬೇಕೆಂದು ಅತ್ತೆಯವರು ರೇಷ್ಮೆ ಸೀರೆ ಉಟ್ಟಿದ್ದರು. ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ದಾಲ್ಚಿನ್ನಿ ಬನ್ನಿನ ಜೊತೆ ಫೀಕಾ ಎಂಬ ಕಾಫಿ ಕೂಟ ಮುಗಿಯಿತು. ಕಾಫಿ ಮುಗಿಯದೆ ಈ ದೇಶದಲ್ಲಿ ಯಾವ ಕಲಾಪವೂ ಆರಂಭವಾಗುವುದಿಲ್ಲ. ಹಿರಿಯರೆಲ್ಲ ಬೆರಳು ಒರೆಸಿಕೊಂಡು, ಕೈಗವಸು ತೊಟ್ಟು, ತಮ್ಮ ತಮ್ಮ ಕಪ್ಪಿಟ್ಟ ನಾಣ್ಯಗಳನ್ನು ಹಸಿರು ಬಟ್ಟೆಯ ಮೇಲೆ ಜೋಡಿಸಿದರು.

ಅತ್ತೆಯವರು ನನ್ನ ಕಿವಿಯಲ್ಲಿ, "ಪಾಪ, ಇವ್ರ್ ಮನೇಲೆಲ್ಲಾ ಉಜ್ಜೋರೇ ಇಲ್ವೇನೇ?" ಎಂದರು.

ಪತಿಯವರು ನಾಣ್ಯವನ್ನು ಮುಂದಿಟ್ಟರು. ಅಧ್ಯಕ್ಷರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಹದ್ದಿನ ರೆಕ್ಕೆಯ ಸಂದಿಯಲ್ಲಿ ಚೂರು ವಿಭೂತಿ ಇನ್ನೂ ಉಳಿದಿತ್ತು. "ಇಂತ್ರೆಸ್ಸಾಂತ್" ಎಂದರು. ಸ್ವಾರಸ್ಯಕರ ಎಂದು ಅದರರ್ಥ. ಇದಕ್ಕಿಂತ ಕಠೋರವಾದ ಬೈಗುಳ ಸಭ್ಯರ ಸ್ವೀಡಿಷ್‌ನಲ್ಲಿ ನಾನು ಇಂದಿಗೂ ಕೇಳಿಲ್ಲ. ಬಳಿಕ, ಯಾರು ತೊಳೆದದ್ದು ಎಂದು ಕೇಳಿದರು.

ಕೊಳ್ಳುವಾಗಲೇ ಹೀಗಿತ್ತು ಎನ್ನುವಂತಿಲ್ಲ; ಮಾರಿದವರೇ ಎದುರಿಗಿದ್ದರು. ಪತಿಯವರು ರೇಷ್ಮೆ ಸೀರೆಯ ಕಡೆಗೊಮ್ಮೆ ನೋಡಿದರು. ತಮ್ಮ ಬಗ್ಗೆಯೇ ಮಾತು ನಡೆದಿದೆಯೆಂದು ತಿಳಿದ ಅತ್ತೆಯವರು ಇಡೀ ಸಭೆಗೆ ಕೈಮುಗಿದರು.

"ನಾನೇ," ಎಂದರು ಪತಿಯವರು.

ಮದುವೆಯಾದಂದಿನಿಂದ ಅವರು ಏನನ್ನಾದರೂ ತಾನೇ ತೊಳೆದೆನೆಂದು ಹೇಳಿಕೊಂಡದ್ದು ಅದೇ ಮೊದಲು. ಅದೂ ಸುಳ್ಳು. ಆದರೆ ಆ ಸುಳ್ಳನ್ನು ನಾನು ಅವರ ವಿರುದ್ಧ ದಾಖಲಿಸುವುದಿಲ್ಲ.

ಅಂದಿನ ಉಪನ್ಯಾಸ ರದ್ದಾಯಿತು. ಆದರೆ ಸ್ವೀಡಿಷರು ಯಾವುದನ್ನೂ ವ್ಯರ್ಥಮಾಡುವವರಲ್ಲ. ನಾಣ್ಯವನ್ನು ಹೇಗೆ ಹಾಳುಮಾಡಬಾರದು ಎಂಬ ವಿಷಯದ ಮೇಲೆ, ಸದರಿ ನಾಣ್ಯವನ್ನೇ ಮುಂದಿಟ್ಟುಕೊಂಡು, ಹೊಸ ಸದಸ್ಯರಿಗೆ ಪಾಠ ಹೇಳುವ ಜವಾಬ್ದಾರಿಯನ್ನು ಪತಿಯವರಿಗೆ ವಹಿಸಿದರು. ಅವರೀಗ ಮೇಜಿನ ಕೊನೆಯಲ್ಲಲ್ಲ, ನಾಣ್ಯದ ಚಿತ್ರ ದೊಡ್ಡದಾಗಿ ಮೂಡುವ ಪರದೆಯ ಪಕ್ಕದಲ್ಲಿ ನಿಲ್ಲುತ್ತಾರೆ. ಹುಣಸೆಹಣ್ಣಿನ ಆಮ್ಲದ ಕುರಿತು ಅವರಷ್ಟು ಬಲ್ಲವರು ಸಂಘದಲ್ಲಿ ಇನ್ನೊಬ್ಬರಿಲ್ಲ.

ಆ ಪರದೆಯ ಫೋಟೋವನ್ನು, ಬೆಂಗಳೂರಿಗೆ ಮರಳಿರುವ ಅತ್ತೆಯವರಿಗೆ ಕಳುಹಿಸಿದ್ದೇನೆ. "ನಾನು ಬೆಳಗಿಕೊಟ್ಟಿದ್ದು, ಎಷ್ಟು ದೊಡ್ಡದಾಗಿ ಹಾಕಿದಾರೆ ನೋಡಿ," ಎಂದು ಅವರು ಅದನ್ನು ನೆಂಟರಿಗೆಲ್ಲ ರವಾನಿಸಿರುತ್ತಾರೆ. ಪತಿಯವರು ಇದುವರೆಗೆ ಅದಕ್ಕೆ ತಿದ್ದುಪಡಿ ಕಳುಹಿಸಿಲ್ಲ.